ಎಲ್ಲರೂ ‘ಆರಾಮ ಅದಾನ’ ಅನ್ನುತ್ತಿದ್ದ ದಿನಗಳು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಅಕ್ಕಿ ಯಾವತ್ತೂ ತೀರುತ್ತಿರಲಿಲ್ಲ. ಡಬ್ಬಿಯ ತಳ ಕಾಣುತ್ತಿದ್ದರೂ ಅವ್ವ ಅಪ್ಪನಿಗೆ ‘ಅಕ್ಕಿ ಹೆಚ್ಚಾಗ್ಯಾವ, ತರ್ರಿ’ ಎಂದೇ ಹೇಳುತ್ತಿದ್ದಳು. ಬಳೆ ಒಡೆದರೆ ಬಳೆಯೂ ಹೆಚ್ಚಾಗುತ್ತಿತ್ತು. ದೀಪ ಆರಿಸು ಅನ್ನುವಂತಿಲ್ಲ, ದೊಡ್ಡದು ಮಾಡು ಅನ್ನಬೇಕು. ಹೊರಡುವವರು ‘ಹೋಗ್ತೇನಿ’ ಅಂದರೆ ಬೈಸಿಕೊಳ್ಳುತ್ತಿದ್ದರು, ‘ಬರ್ತೇನಿ’ ಅನ್ನಬೇಕು. ಮನೆಯ ಮೇಲೆ ಅಸ್ತು ದೇವತೆಗಳು ಓಡಾಡುತ್ತಿರುತ್ತಾರಂತೆ, ನಾವು ಕೆಟ್ಟದ್ದು ಆಡಿದಾಗಲೇ ಅವರು ‘ಅಸ್ತು’ ಅಂದುಬಿಟ್ಟರೆ ಆ ಮಾತು ನಿಜವಾಗುತ್ತದಂತೆ. ಅಪ್ಪನಿಗೆ ಉಣಕಲ್ಲಿನಲ್ಲಿ ಕಾಳುಕಡಿಯ ಅಂಗಡಿ ಇತ್ತು. ಅಲ್ಲಿಯೂ ಇದೇ ಕಾನೂನು. ಗಿರಾಕಿ ಕೇಳಿದ ತೊಗರಿಬೇಳೆ ಇಲ್ಲದಿದ್ದರೆ ಅಪ್ಪ ‘ಇಲ್ಲ’ ಅನ್ನದೆ, ‘ನಾಳಿ ಬರ್ತೈತ್ರಿ’ ಅನ್ನುತ್ತಿದ್ದ.

ನೀವು ನಗುತ್ತೀರಿ. ನಗಿ, ನಾನೂ ಈಗ ನಗುತ್ತೇನೆ. ಆದರೆ ಎಂಟು ವರ್ಷದವನಿದ್ದಾಗ ಇದೇ ಪದ್ಧತಿ ನನ್ನ ಜೀವ ತಿಂದಿತ್ತು.

ಆ ವರ್ಷ ದೀಪಾವಳಿ ಮುಗಿದ ಮೇಲೆ ನನಗೆ ಗಂಟಲು ನೋವು ಬಂತು. ಅದರ ಹಿಂದೆಯೇ ಜ್ವರ. ಜ್ವರ ಮೊಣಕಾಲಿಗೆ ಇಳಿದು, ಕೀಲುಗಳು ಬಾತು, ಮೈಮೇಲೆ ಹೊದಿಕೆ ತಾಗಿದರೂ ಚೀರುವಂತಾಯಿತು. ಡಾಕ್ಟರು ಬಂದು ನನ್ನ ಎದೆಯ ಮೇಲೆ ತಣ್ಣನೆಯ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಹೊರಗೆ ಕಟ್ಟೆಯ ಮೇಲೆ ನಿಂತು ಅಪ್ಪನ ಜೊತೆ ಏನೋ ಮಾತಾಡಿದರು. ಅಂದಿನಿಂದ ನಾನು ಮಂಚದಿಂದ ಕೆಳಗೆ ಕಾಲಿಡುವ ಹಾಗಿಲ್ಲ ಎಂದಾಯಿತು. ಹದಿನೈದು ದಿನಕ್ಕೆ ಜ್ವರ ಹೋಯಿತು, ನೋವೂ ಹೋಯಿತು. ಆದರೂ ಕೆಳಗಿಳಿಸಲಿಲ್ಲ. ಯಾವಾಗ ಆಡಲಿಕ್ಕೆ ಹೋಗಲಿ ಎಂದು ಕೇಳಿದರೆ ಇನ್ನು ನಾಲ್ಕು ದಿನ ಅನ್ನುತ್ತಿದ್ದರು. ನಾಲ್ಕು ದಿನವಾದ ಮೇಲೆ ಕೇಳಿದರೆ ಮತ್ತೆ ನಾಲ್ಕು ದಿನ.

ಗಾಳಿ ತಾಗಬಾರದೆಂದು ನನ್ನ ಮಂಚವನ್ನು ಒಳಗಿನ ಖೋಲಿಯಲ್ಲಿ ಹಾಕಿದ್ದರು. ಜೋಳದ ಚೀಲಗಳನ್ನು ಒಟ್ಟಿದ್ದ ಕತ್ತಲೆ ಕೋಣೆ ಅದು. ಗೋಣಿಯ ಧೂಳು, ಬೇವಿನ ಎಲೆ, ಔಷಧಿ ಎಲ್ಲ ಸೇರಿದ ಒಂದು ವಾಸನೆ ಯಾವಾಗಲೂ ಮೂಗಿನಲ್ಲಿರುತ್ತಿತ್ತು. ಮೇಲಿನ ಬೆಳಕಿಂಡಿಯಿಂದ ರೊಟ್ಟಿಯಷ್ಟಗಲ ಬಿಸಿಲು ಬೀಳುತ್ತಿತ್ತು. ಅದು ಮೂರನೆಯ ಚೀಲಕ್ಕೆ ಬಂದಾಗ ಶಾಲೆಯ ಗಂಟೆ ಹೊಡೆಯುತ್ತಿತ್ತು. ಅಡುಗೆಮನೆಯಿಂದ ಅವ್ವ ರೊಟ್ಟಿ ಬಡಿಯುವ ಸಪ್ಪಳ, ಕೆರೆಯ ಕಡೆಯಿಂದ ಹುಡುಗರ ಗದ್ದಲ, ಧಾರವಾಡ ರಸ್ತೆಯಲ್ಲಿ ಬಸ್ಸಿನ ಹಾರ್ನು ಕೇಳುತ್ತಿದ್ದವು. ಮೊದಮೊದಲು ಅತ್ತೆ, ಕೂಗಾಡಿದೆ, ಹಾಲಿನ ಬಟ್ಟಲು ಎತ್ತಿ ಎಸೆದೆ. ಆಮೇಲೆ ಕೇಳುವುದನ್ನೇ ಬಿಟ್ಟೆ. ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದೆ. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಅಂದರೆ ಪ್ರಾಣ ಬಿಡುತ್ತಿದ್ದವನು ಅದನ್ನೂ ಮುಟ್ಟಲಿಲ್ಲ. ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು. ಹುಡುಗನ ಮೈ ನೆಟ್ಟಗಾಗಿದೆ, ಮನಸ್ಸು ಕೆಟ್ಟಿದೆ ಎಂದು ಯಾರಿಗೂ ಹೊಳೆಯಲಿಲ್ಲ.

ನಾನು ಹೇಳಬೇಕೆಂದಿರುವ ದಿನ ಹೆಬ್ಬಳ್ಳಿಯಿಂದ ಕಾಕಾ ಬಂದಿದ್ದ. ಅಪ್ಪನ ತಮ್ಮ. ಅಲ್ಲಿ ಹೊಲ ನೋಡಿಕೊಂಡಿದ್ದ. ಹಸಿ ಕಡಲೆ ಗಿಡಗಳನ್ನು ಒಂದು ಹೊರೆ ಹೊತ್ತು ತಂದು ನನ್ನ ಮಂಚದ ಕೆಳಗೆ ಇಟ್ಟ. ಖೋಲಿಯೆಲ್ಲ ಹೊಲದ ಹುಳಿ ಹುಳಿ ವಾಸನೆ. ಕಾಕಾ ನನ್ನ ರಟ್ಟೆ ಹಿಡಿದು ನೋಡಿ, ಏನು ಗಟ್ಟಿಮುಟ್ಟಾಗಿದ್ದಾನೆ, ಬರುವ ವರ್ಷ ಕುಸ್ತಿಗೆ ಇಳಿಸೋಣ ಎಂದ. ನನ್ನ ರಟ್ಟೆ ಆಗ ಬಾರಕೋಲಿನ ಹಾಗೆ ಸಣ್ಣಗಿತ್ತು. ಅವ್ವ, ಪೂರಾ ಆರಾಮ ಆಗಿದ್ದಾನೆ ಅಂದಳು. ಪಕ್ಕದ ಮನೆಯ ಅಜ್ಜಿಯೂ ಬಂದು ಅದನ್ನೇ ಅಂದಳು. ಆಮೇಲೆ ಎಲ್ಲರೂ ಪಡಸಾಲೆಗೆ ಹೋಗಿ ಪಿಸುಪಿಸು ಮಾತಾಡಿದರು. ಅವ್ವ ಮೂಗು ಒರೆಸಿಕೊಳ್ಳುವ ಸಪ್ಪಳ ಕೇಳಿಸಿತು.

ಅಲ್ಲಿಗೆ ನನಗೆ ಎಲ್ಲವೂ ತಿಳಿದುಹೋಯಿತು. ನಮ್ಮ ಮನೆಯ ರೀತಿ ನನಗೆ ಗೊತ್ತಿಲ್ಲವೇ? ಅಕ್ಕಿ ತೀರಿದಾಗ ಹೆಚ್ಚಾಗಿದೆ ಅನ್ನುವ ಜನ ಇವರು. ನನ್ನನ್ನು ಪೂರಾ ಆರಾಮ ಅನ್ನುತ್ತಿದ್ದಾರೆಂದರೆ ನಾನು ಪೂರಾ ತೀರಲಿಕ್ಕೆ ಬಂದಿದ್ದೇನೆ. ಅವರು ಸಿಹಿ ಮಾತಾಡಿದಷ್ಟೂ ನನಗೆ ಅಂಜಿಕೆ ಹೆಚ್ಚಾಯಿತು. ಯಾರನ್ನಾದರೂ ಕೇಳೋಣವೆಂದರೆ ಆ ಶಬ್ದವನ್ನು ಬಾಯಿಂದ ಹೊರಡಿಸುವ ಹಾಗಿರಲಿಲ್ಲ, ಮೇಲೆ ದೇವತೆಗಳು ಕುಳಿತಿದ್ದಾರೆ. ಹೀಗೆ ಎಂಟು ವರ್ಷದ ಹುಡುಗ ತನ್ನ ಸಾವನ್ನು ತಾನೊಬ್ಬನೇ ಬಚ್ಚಿಟ್ಟುಕೊಂಡು ಮಲಗಿದ್ದ. ಇಂದಿಗೂ ನೆನೆದರೆ ಆ ಹುಡುಗನ ಮೇಲೆ ಅಯ್ಯೋ ಅನಿಸುತ್ತದೆ.

ಮಧ್ಯಾಹ್ನ ಅಕ್ಕ ಶಾಲೆಯಿಂದ ಊಟಕ್ಕೆ ಬಂದಳು. ನನಗಿಂತ ಮೂರು ವರ್ಷ ದೊಡ್ಡವಳು, ಮಹಾ ಆಸೆಬುರುಕಿ. ನನ್ನ ಗೋಲಿಗುಂಡುಗಳ ಮೇಲೆ ಅವಳ ಕಣ್ಣು ಬಹಳ ದಿನದಿಂದ ಇತ್ತು. ನಾನು ದಿಂಬಿನ ಕೆಳಗಿಂದ ಗುಂಡುಗಳ ಚೀಲ ತೆಗೆದು ಅವಳ ಕೈಗೆ ಕೊಟ್ಟೆ. ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಬಿಳುಚಿಕೊಂಡಿತು.

“ಯಾಕ ಕೊಡಾಕತ್ತಿ?” ಎಂದು ಕೇಳಿದಳು.

“ಇಟಗೋ. ನನಗ ಇನ್ನ ಬೇಕಾಗಂಗಿಲ್ಲ” ಅಂದೆ. ಗೋಡೆಯ ಕಡೆ ತಿರುಗಿದೆ. ಅವಳು ಬಿಡಲಿಲ್ಲ. ಭುಜ ಹಿಡಿದು ಅಲುಗಾಡಿಸಿ ಎಲ್ಲವನ್ನೂ ಬಾಯಿ ಬಿಡಿಸಿದಳು. ಅಕ್ಕಿಯ ಲೆಕ್ಕದಿಂದ ಹಿಡಿದು ಅವ್ವ ಮೂಗು ಒರೆಸಿಕೊಂಡದ್ದರವರೆಗೆ ಪೂರ್ತಿ ಹೇಳಿದೆ. ಹುಚ್ಚಾ ಎಂದು ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ. ಗುಂಡಿನ ಚೀಲವನ್ನು ಮಂಚದ ಮೇಲೆಯೇ ಬಿಟ್ಟು ಬರಿಗಾಲಲ್ಲಿ ಓಡಿದಳು.

ಅಂಗಡಿಯಲ್ಲಿ ಏನಾಯಿತೆಂಬುದನ್ನು ಅಕ್ಕ ನನಗೆ ಎಷ್ಟೋ ವರ್ಷಗಳ ನಂತರ ಹೇಳಿದಳು. ಅಪ್ಪ ತಕ್ಕಡಿ ಹಿಡಿದು ನಿಂತಿದ್ದನಂತೆ, ನಾಲ್ಕೈದು ಜನ ಗಿರಾಕಿಗಳಿದ್ದರಂತೆ. ಇವಳು ಏದುಸಿರು ಬಿಡುತ್ತ ಎಲ್ಲರೆದುರಿಗೆ, ತಮ್ಮ ತಾನು ಸಾಯುತ್ತೇನೆ ಎಂದು ತಿಳಿದಿದ್ದಾನೆ ಅಂದುಬಿಟ್ಟಳಂತೆ. ‘ಇಲ್ಲ’ ಎಂಬ ಮಾತೇ ಬಾರದ ಅಂಗಡಿಯಲ್ಲಿ ಆ ಶಬ್ದ! ಬೀಳುತ್ತದೆ ಕಪಾಳಕ್ಕೆ ಎಂದು ಅವಳು ಕಣ್ಣು ಮುಚ್ಚಿದಳಂತೆ. ತೆರೆದು ನೋಡಿದರೆ ಅಪ್ಪ ರಸ್ತೆಗೆ ಇಳಿದಿದ್ದ.

ಅಪ್ಪ ಹಗಲು ಹೊತ್ತಿನಲ್ಲಿ ಮನೆಗೆ ಬಂದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, ನನ್ನ ಮಂಚದ ಪಕ್ಕ ನೆಲದ ಮೇಲೆ ಕುಳಿತ. ಮೀಸೆಯ ಮೇಲೆ ಕಾಳಿನ ಹೊಟ್ಟು ಅಂಟಿತ್ತು. ನಾನೇ ಮೊದಲು ಕೇಳಿದೆ.

“ಯಪ್ಪಾ, ನಾ ಸಾಯ್ತೇನೇನು?”

ಅಡುಗೆಮನೆಯಲ್ಲಿ ರೊಟ್ಟಿಯ ಸಪ್ಪಳ ನಿಂತಿತು. ಅವ್ವ ಬಾಗಿಲಿಗೆ ಬಂದು, ಬಿಡ್ತು ಅನ್ನು, ಬಿಡ್ತು ಅನ್ನು ಎಂದು ನಡುಗುವ ದನಿಯಲ್ಲಿ ಹೇಳಿದಳು. ಅಪ್ಪ ಕೈ ಎತ್ತಿ ಅವಳನ್ನು ತಡೆದ.

“ಇಲ್ಲ” ಅಂದ. “ಕೇಳು, ಖರೇನ ಹೇಳ್ತೇನಿ. ಜ್ವರ ನಿನ್ನ ಎದಿಗೆ ತಟ್ಟೇತಿ. ಎದಿ ಗಟ್ಟಿ ಆಗಾಕ ಮೂರು ತಿಂಗಳ ಮಲಗಬೇಕು ಅಂತ ಡಾಕ್ಟರು ಅವತ್ತ ಹೇಳಿದ್ರು. ಎರಡು ಆಗ್ಯಾವ, ಒಂದು ಉಳದೈತಿ. ಮಲಗಿದ್ರ ಆರಾಮ ಆಗ್ತಿ ಅಂದಾರ. ನಿನಗ ಹೇಳಾಕ ನನಗ ಧೈರ್ಯ ಸಾಲಲಿಲ್ಲ.” ಆಮೇಲೆ, “ನನಗೂ ಅಂಜಿಕಿ ಆಗೇತಿ, ತಮ್ಮಾ” ಅಂದ.

ಒಂದು ತಿಂಗಳು ಅಂದರೆ ಸಣ್ಣದಲ್ಲ. ಆದರೆ ಅದಕ್ಕೆ ಒಂದು ಕೊನೆ ಇತ್ತು. ಅಪ್ಪನಂಥ ಅಪ್ಪನಿಗೂ ಅಂಜಿಕೆಯಾಗುತ್ತದೆ ಎಂದು ಕೇಳಿ ನನಗೆ ಎಲ್ಲಿಲ್ಲದ ಧೈರ್ಯ ಬಂತು, ಯಾಕೋ ಏನೋ. ಅಪ್ಪನ ಕುತ್ತಿಗೆ ಹಿಡಿದು ಮನಸ್ಸಿಗೆ ಬಂದಷ್ಟು ಅತ್ತೆ. ಆಮೇಲೆ ಹೊಟ್ಟೆ ಹಸಿಯಿತು. ಅವ್ವ ಬಿಸಿ ರೊಟ್ಟಿ ತಂದಳು, ಎರಡು ತಿಂದೆ. ಅಪ್ಪ ಮತ್ತು ಕಾಕಾ ಇಬ್ಬರೂ ಸೇರಿ ನನ್ನನ್ನು ಮಂಚದ ಸಮೇತ ಎತ್ತಿಕೊಂಡು ಹೋಗಿ ಪಡಸಾಲೆಯ ಬಾಗಿಲ ಬಳಿ ಇಟ್ಟರು. ಎರಡು ತಿಂಗಳ ಮೇಲೆ ರಸ್ತೆ ನೋಡಿದೆ. ಒಂದು ಎಮ್ಮೆ ಕೆರೆಯಿಂದ ಬರುತ್ತಿತ್ತು, ಮೈಯಿಂದ ನೀರು ಸೋರುತ್ತಿತ್ತು. ಎಮ್ಮೆ ಅಷ್ಟು ಚೆಂದ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಉಳಿದ ತಿಂಗಳು ಸುಖವಾಗಿ ಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಬೇಸರ ಬರುತ್ತಿತ್ತು, ಹೊರಗೆ ಓಡುವ ಅಕ್ಕನನ್ನು ಕಂಡರೆ ಸಿಟ್ಟು ಬರುತ್ತಿತ್ತು. ಅವಳು ಶಾಲೆಯಲ್ಲಿ ಕಲಿತದ್ದನ್ನೆಲ್ಲ ಬಂದು ನನಗೆ ಕಲಿಸುತ್ತಿದ್ದಳು, ತಪ್ಪಿದರೆ ಕಿವಿಯನ್ನೂ ಹಿಂಡುತ್ತಿದ್ದಳು. ಅವ್ವ ಮೊರದಲ್ಲಿ ಬೇಳೆ ಕೊಟ್ಟು ಕಲ್ಲು ಆರಿಸು ಅನ್ನುತ್ತಿದ್ದಳು. ನಾನು ಆರಿಸಿದ ಬೇಳೆಯನ್ನೇ ಎಲ್ಲರೂ ಉಣ್ಣುತ್ತಾರೆಂದು ನನಗೆ ಭಾರಿ ಹೆಮ್ಮೆ. ಸಂಜೆ ದೀಪ ಹಚ್ಚಿದ ಮೇಲೆ ಅಪ್ಪ ಬಂದು ಕುಳಿತು, ಇವತ್ತು ಹೇಗಿತ್ತು ಎಂದು ಕೇಳುತ್ತಿದ್ದ. ಇದ್ದದ್ದು ಇದ್ದ ಹಾಗೆ ಹೇಳಬೇಕು. ಬೇಸರವಾಯಿತು ಅಂದರೆ ‘ಆತು’ ಅನ್ನುತ್ತಿದ್ದ, ಬುದ್ಧಿ ಹೇಳುತ್ತಿರಲಿಲ್ಲ. ಆಮೇಲೆ ತನ್ನ ದಿನ ಹೇಗಿತ್ತೆಂದು ಹೇಳುತ್ತಿದ್ದ. ಅವ್ವನೂ ಒಂದು ಸಂಜೆ, ಒಲೆಯ ಮುಂದೆ ಕುಳಿತು ದಿನಾ ಅಳುತ್ತಿದ್ದೆ, ಹೊಗೆ ಎಂದು ಸುಳ್ಳು ಹೇಳುತ್ತಿದ್ದೆ ಅಂದಳು. ಅಕ್ಕಿಯ ವಿಷಯದಲ್ಲಿ ಮಾತ್ರ ಯಾರೂ ಬದಲಾಗಲಿಲ್ಲ.

ಈಗ ನಿಮ್ಮ ಕಾಲಕ್ಕೆ ಬರೋಣ. ಊರಿಗೆ ಊರೇ ಬಾಗಿಲು ಹಾಕಿಕೊಂಡ ಆ ಕರೋನಾ ವರ್ಷ ನಿಮಗೂ ನೆನಪಿರಬಹುದು. ಬೆಂಗೇರಿಯ ನಮ್ಮ ಮನೆಯಲ್ಲಿ ಒಂಬತ್ತು ವರ್ಷದ ನನ್ನ ಮೊಮ್ಮಗಳಿಗೆ ಏನು ಕಡಿಮೆ ಇತ್ತು? ದೊಡ್ಡ ಕಿಟಕಿ, ಫೋನಿನಲ್ಲಿ ಶಾಲೆ, ಟೀವಿಯಲ್ಲಿ ಮುಗಿಯದಷ್ಟು ಕಾರ್ಟೂನು. ಬೇಸರಕ್ಕೆ ಏನು ಮಾಡಬೇಕೆಂದು ಅವಳ ಟೀಚರ್ ಒಂದು ಗಂಟೆ ಪಾಠವನ್ನೂ ಮಾಡಿದ್ದರು. ನಮಗೆ ಅಂಥ ಪಾಠವಿರಲಿಲ್ಲ, ಈಗ ಇರುವುದು ಒಳ್ಳೆಯದೇ. ಆದರೆ ಈ ಹುಡುಗಿ ನನ್ನ ಖೋಲಿಯ ಹತ್ತಿರ ಸುಳಿಯುವುದನ್ನೇ ಬಿಟ್ಟಿದ್ದಳು. ಚಹಾವನ್ನು ಹೊಸ್ತಿಲ ಹೊರಗೆ ಇಟ್ಟು ಓಡುತ್ತಿದ್ದಳು. ಹೇಗಿದ್ದೀ ಎಂದು ಕೂಗಿದರೆ ‘ಫೈನ್ ಅಜ್ಜಾ’. ನಾನೂ ‘ಫೈನ್’. ಫೋನು ಸಿಕ್ಕ ಮೇಲೆ ಈ ಮುದುಕ ಯಾರಿಗೆ ಬೇಕು ಎಂದು ನನಗೆ ಸಿಟ್ಟು ಬಂದಿತ್ತು.

ಒಂದು ಮಧ್ಯಾಹ್ನ ತಡೆಯಲಾಗಲಿಲ್ಲ. ಲೋಟ ಇಟ್ಟು ಓಡುತ್ತಿದ್ದವಳನ್ನು ನಿಲ್ಲಿಸಿ, ನಾನು ಫೈನ್ ಇಲ್ಲವ್ವ, ಒಬ್ಬನೇ ಕುಳಿತು ಕುಳಿತು ಅಳು ಬರುತ್ತಿದೆ ಅಂದೆ. ಅವಳು ಆಚೆ ಗೋಡೆಗೆ ಒರಗಿ ನಿಂತಳು.

“ನಾ ಹತ್ರ ಬಂದ್ರ ನಿಮಗ ಜಡ್ಡ ಬರ್ತೈತಿ ಅಜ್ಜಾ. ನನ್ನಿಂದನ ನೀವು ಸಾಯ್ತೀರಿ ಅಂತ ಅಂಜಿಕಿ.”

ಎರಡು ತಿಂಗಳಿಂದ ಆ ಕೂಸು ಇದನ್ನು ಹೊತ್ತುಕೊಂಡು ಮನೆಯ ತುಂಬ ಓಡಾಡಿತ್ತು. ಛೇ, ಹಾಗೆಲ್ಲ ಅನ್ನಬಾರದು ಎಂಬ ಮಾತು ನನ್ನ ಬಾಯಿ ತುದಿಗೆ ಬಂದಿತ್ತು, ನುಂಗಿಕೊಂಡೆ. ನನಗೂ ಅಂಜಿಕೆ ಇದೆ, ಜಡ್ಡು ಬಂದರೂ ಅದು ನಿನ್ನ ತಪ್ಪಲ್ಲ ಎಂದು ಹೇಳಿದೆ. ಅವಳು ಹೊಸ್ತಿಲ ಆಚೆ, ನಾನು ಈಚೆ, ನಡುವೆ ನಾಲ್ಕು ಹೆಜ್ಜೆ ಬಿಟ್ಟು ಕುಳಿತು ಇಬ್ಬರೂ ಅತ್ತೆವು. ಮರುದಿನ ಚಹಾ ತಂದವಳನ್ನು ಹೇಗಿದ್ದೀ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, “ಇವತ್ತ ಛಲೋ ಇಲ್ಲ ಅಜ್ಜಾ” ಅಂದಳು. ಅಷ್ಟು ಒಳ್ಳೆಯ ಮಾತನ್ನು ನಾನು ಆ ವರ್ಷ ಇನ್ನೊಂದು ಕೇಳಲಿಲ್ಲ.