ಒಂದೇ ತೊಟ್ಟಿಯ ನೂಲು

ಆ ಹುಡುಗಿ ನಮಗೆ ಒಂದು ಸೀರೆಯ ಡಿಸೈನನ್ನೂ ಬಿಡಿಸಿಕೊಡಲಿಲ್ಲ. ನಮ್ಮ ಗಂಟುಗಳನ್ನು ಬಿಚ್ಚಿಸಿದಳು, ಅಷ್ಟೇ. ನಮ್ಮ ನೂಲಿಗೆ ಬಣ್ಣ ಹಾಕುವ ಮನೆ ಉಳಿದದ್ದು ಅದರಿಂದಲೇ.

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮನೆಮನೆಗೂ ಮಗ್ಗ. ನೂಲಿಗೆ ಬಣ್ಣ ಹಾಕಿಕೊಡುವವನು ಮಾತ್ರ ಒಬ್ಬನೇ. ಅವನು ಬಣ್ಣದ ತೊಟ್ಟಿ ತೊಳೆದ ನೀರು ಮೋರಿಗೆ ಹರಿದು, ಕೊನೆಗೆ ಬೋರ್‌ವೆಲ್ಲಿನಲ್ಲೂ ಬಣ್ಣದ ನೀರೇ ಬರತೊಡಗಿತು. ಹೀಗೇ ಆದರೆ ಬೀಗ ಹಾಕುತ್ತೇವೆ ಎಂದು ಅಧಿಕಾರಿಗಳು ಹೇಳಿಹೋದರು. ಅವನು ಮುಚ್ಚಿದರೆ ನಮ್ಮ ಮಗ್ಗಗಳೂ ನಿಂತಂತೆಯೇ.

ಆಗ ನನ್ನ ಸೊಸೆ ಬೆಂಗಳೂರಿನಿಂದ ಒಬ್ಬ ಡಿಸೈನರ್ ಹುಡುಗಿಯನ್ನು ಕರೆತಂದಳು. ಹೊಸ ಅಂಚು, ಹೊಸ ಬುಟ್ಟಾ ಬಿಡಿಸುತ್ತಾಳೆ ಅಂದುಕೊಂಡಿದ್ದೆ. ಅವಳು ದಿನವೂ ಬಣ್ಣದ ಮನೆಯಲ್ಲಿ ಕೂತು, ಯಾರು ಬರುತ್ತಾರೆ, ತೊಟ್ಟಿ ಯಾವಾಗ ತೊಳೆಯುತ್ತಾರೆ ಎಂದು ನೋಡುತ್ತಿದ್ದಳು.

"ಏನಮ್ಮಾ, ಪೆನ್ಸಿಲ್ ಮರೆತು ಬಂದ್ಯಾ?" ಅಂದೆ.

"ಇಲ್ಲಜ್ಜಿ. ಎಲ್ರೂ ನಾಳೆ ನಿಮ್ಮ ಜಗಲೀಗೆ ಬರ್ಲಿ. ಬಣ್ಣಕ್ಕೆ ಕೊಡೋ ಮಾದರಿ ತುಂಡು ತರ್ಲಿ."

ನಮ್ಮಲ್ಲಿ ಅದು ಆಗದ ಮಾತು. ಮಾದರಿಯನ್ನು ಗಂಟು ಕಟ್ಟಿ ಸೆರಗಿನಡಿ ಹಿಡಿದು ಒಯ್ಯುವುದು ನಮ್ಮ ಪದ್ಧತಿ. ಸೀರೆ ಅಂಗಡಿ ಸೇರುವತನಕ ಪಕ್ಕದ ಮನೆಗೆ ಬಣ್ಣ ತಿಳಿಯಬಾರದು. ಹಾಗಾಗಿ ಒಬ್ಬರ ನೂಲು ಇನ್ನೊಬ್ಬರದ್ದರ ಜೊತೆಗೆ ಸೇರುತ್ತಿರಲಿಲ್ಲ. ಇಷ್ಟಿಷ್ಟೇ ನೂಲು, ಪ್ರತಿ ಮನೆಯ ನೂಲಿಗೂ ತೊಟ್ಟಿ ತೊಳೆಯಬೇಕು.

ಬಣ್ಣದವನು ಕೈಮುಗಿದು ಕರೆದದ್ದರಿಂದ ಎಲ್ಲರೂ ಬಂದರು. ಎದುರುಮನೆಯ ನನ್ನ ಓರಗಿತ್ತಿಯೂ ಬಂದಳು.

"ಮೊದ್ಲು ನೀನ್ ಬಿಚ್ಚಕ್ಕ, ದೊಡ್ಡೋಳು," ಅಂದಳು.

"ದೊಡ್ಡೋಳು ಅಂತ ಇವತ್ತು ನೆನಪಾಯ್ತಾ?"

"ಎಲ್ರೂ ಒಟ್ಟಿಗೇ ಬಿಚ್ಚಿ," ಅಂದಳು ಹುಡುಗಿ.

ಬಿಚ್ಚಿದೆವು. ಚಾಪೆಯ ಮೇಲೆ ಬಿದ್ದದ್ದು ಹೆಚ್ಚೂಕಡಿಮೆ ಎಲ್ಲವೂ ಒಂದೇ ಈರುಳ್ಳಿ ಬಣ್ಣ. ಈ ಸಲ ಇದೇ ಬಣ್ಣ ಬೇಕೆಂದು ಅಂಗಡಿಯವರು ಎಲ್ಲರಿಗೂ ಗುಟ್ಟಾಗಿ ಹೇಳಿದ್ದರು.

"ಇದಕ್ಕಾ ನೀನು ಮಗ್ಗಕ್ಕೆ ಬೆಡ್‌ಶೀಟ್ ಹೊದಿಸ್ತಿದ್ದಿದ್ದು?" ಓರಗಿತ್ತಿ ಕೇಳಿದಳು.

"ನೀನು ಕಿಟಕಿಗೆ ಪೇಪರ್ ಅಂಟ್ಸಿದ್ಯಲ್ಲ, ಅದಕ್ಕೇ."

ಬಣ್ಣದವನ ಕಡೆ ತಿರುಗಿ, "ನಿಂಗೆ ಗೊತ್ತಿತ್ತಲ್ಲಪ್ಪಾ?" ಅಂದೆ.

"ಹೇಳಬೇಡ ಅಂತ ಆಣೆ ಹಾಕ್ಸಿದ್ದೋರು ನೀವೇ ತಾನೆ ಅಮ್ಮಾ."

ಹುಡುಗಿ ತುಂಡುಗಳನ್ನೆಲ್ಲ ಒಂದೆಡೆ ಸೇರಿಸಿದಳು. "ಸೀರೆ ಒಡಲಿನ ನೂಲು ಎಲ್ರದ್ದೂ ಒಂದೇ ತೊಟ್ಟೀಲಿ ಹಾಕ್ಸಿ. ಗುಟ್ಟು ಬೇಕೇಬೇಕು ಅಂದ್ರೆ ಅಂಚಲ್ಲಿ ಇಟ್ಕೊಳ್ಳಿ." ಬಣ್ಣದವನು ತಲೆಯಾಡಿಸಿದ. ಹಾಗಾದರೆ ತೊಳೆಯುವ ನೀರು ಅರ್ಧವೂ ಬೇಡವಂತೆ.

ಆದರೂ ಯಾರೂ ಹೂಂ ಅನ್ನಲಿಲ್ಲ. ಬೇರೆಯವರು ಮೊದಲು ಕೊಡಲಿ ಎಂದು ಒಬ್ಬೊಬ್ಬರಾಗಿ ಗಂಟು ಕಟ್ಟಿಕೊಂಡು ಎದ್ದುಹೋದರು.

ಮರುದಿನ ಬೆಳಿಗ್ಗೆ ನನ್ನ ನೂಲಿನ ಲಡಿಗಳನ್ನು ಬಟ್ಟೆ ಸುತ್ತದೆ ಹಾಗೇ ಹೆಗಲ ಮೇಲೆ ಹಾಕಿಕೊಂಡು, ಬೀದಿ ದಾಟಿ, ಓರಗಿತ್ತಿಯ ಬಾಗಿಲು ತಟ್ಟಿ, "ನಿಂದೂ ತಾ," ಅಂದೆ.