ಗೋಡೆಯ ಈಚೆ ಡೀಸೆಲ್ ಹೊಗೆ

ಬೆಳಕು ಹರಿಯುವ ಹೊತ್ತಿಗೆ ಮೂಡಿಗೆರೆ ಹೊರವಲಯದ ಕಾಫಿ ಗೋದಾಮಿನಲ್ಲಿ ಹಾಲೇಶ್ ಡೀಸೆಲ್ ಫೋರ್ಕ್‌ಲಿಫ್ಟ್ ಏರಿ ಕೂರುತ್ತಾರೆ. ಕೀಲಿ ತಿರುಗಿಸಿದರೆ ಗಾಡಿ ತಿಣುಕಿ, ಕಪ್ಪು ಹೊಗೆ ಕಾರಿ, ಕಡೆಗೆ ಸ್ಟಾರ್ಟ್ ಆಗುತ್ತದೆ. ಹೊರಗೆ ಮಳೆ. ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಗೆ ತೇವ ಹಿಡಿಯಬಾರದೆಂದು ಬಾಗಿಲುಗಳೆಲ್ಲ ಮುಚ್ಚಿವೆ. ಹೊಗೆಗೆ ಹೋಗಲು ದಾರಿಯಿಲ್ಲ. ಮೂಲೆಯಲ್ಲಿ ಚೀಲದ ಬಾಯಿ ಹೊಲಿಯಲು ಕೂತ ತಂಗಮ್ಮ ಸೆರಗನ್ನು ಮೂಗಿಗೆ ಒತ್ತಿಕೊಳ್ಳುತ್ತಾರೆ. ಆಕೆ ಹಾಲೇಶರ ಹೆಂಡತಿ.

ಹಾಲೇಶ್ ಮೊದಲು ಇಲ್ಲೇ ಹಮಾಲಿ. ಚೀಲ ಹೊತ್ತು ಬೆನ್ನು ಕೈಕೊಟ್ಟ ಮೇಲೆ ಸ್ಟಿಯರಿಂಗ್ ಹಿಡಿದರು. ಗಾಡಿಯ ಮೇಲೆ ಅವರಿಗೆ ಸಿಟ್ಟಿಲ್ಲ. "ಕರೆಂಟು ಹೋದ್ರೂ ನಿಲ್ಲಲ್ಲ ಸರ್. ಡೀಸೆಲ್ ಹುಯ್ದ್ರೆ ಮುಗೀತು. ಕೆಸರು, ಏರು, ಏನಿದ್ರೂ ಎಳೀತದೆ. ನಮ್ಮ ಬೆನ್ನು ಉಳಿಸಿದ್ದೇ ಇದು."

ಥಂಡಿಗೆ ಮತ್ತೆ ಸ್ಟಾರ್ಟ್ ಆಗುವುದಿಲ್ಲವೆಂದು ಇಂಜಿನ್ ಆರಿಸದೆ ಬಿಡುವುದು ಇಲ್ಲಿನ ರೂಢಿ. ಕಳೆದ ಮಳೆಗಾಲ ಊಟದ ಹೊತ್ತಲ್ಲೂ ಹಾಗೇ ಬಿಟ್ಟಿದ್ದರು. ಪಕ್ಕದ ಚೀಲಗಳಿಗೆಲ್ಲ ಹೊಗೆಯ ವಾಸನೆ ಅಡರಿತು. ಆ ಕಾಫಿ ಕುಡಿದು ನೋಡಿದ ಖರೀದಿದಾರರು ಇಡೀ ಲೋಡು ವಾಪಸ್ ಕಳಿಸಿದರು. ಮಾಲೀಕ ವೀರೇಂದ್ರ ಕೆಂಡಾಮಂಡಲವಾಗಿ ಬ್ಯಾಟರಿ ಗಾಡಿ ತರಿಸಿದರು. ಹೊಗೆಯಿಲ್ಲ, ಸದ್ದಿಲ್ಲ, ತಂಗಮ್ಮನ ಕೆಮ್ಮೂ ಇಳಿಯಿತು. ಅಷ್ಟರಲ್ಲಿ ಗಾಳಿಗೆ ಮರ ಬಿದ್ದು ಕರೆಂಟು ಹೋಯಿತು, ದಿನಗಟ್ಟಲೆ ಬರಲಿಲ್ಲ. ಚಾರ್ಜಿಲ್ಲದ ಗಾಡಿ ಲೋಡು ಹೊತ್ತು ಅಂಗಳದ ಏರಿನಲ್ಲೇ ನಿಂತುಬಿಟ್ಟಿತು. ಡೀಸೆಲ್ ಗಾಡಿ ಮತ್ತೆ ಒಳಗೆ ಬಂತು.

ಈ ಸಲ ವೀರೇಂದ್ರ ಎಚ್ಚರ ವಹಿಸಿದ್ದಾರೆ. ಗೋದಾಮಿನ ನಡುವೆ ತಗಡಿನ ಗೋಡೆ ಎದ್ದಿದೆ. ಕಾಫಿ ಆಚೆ, ಹೊಗೆ ಈಚೆ. ಚೀಲ ಹೊಲಿಯುವ ಹೆಂಗಸರೂ ಈಚೆ. ಕಾಫಿಯ ಪುಣ್ಯ ದೊಡ್ಡದು. ಅದು ತಳ್ಳುಗಾಡಿಯಲ್ಲಿ ಬಂದು, ಹೊಲಿಸಿಕೊಂಡು ಲಾರಿ ಹತ್ತುವಷ್ಟು ಹೊತ್ತು ಮಾತ್ರ ಇಲ್ಲಿರುತ್ತದೆ. ಹೆಂಗಸರು ಇಡೀ ದಿನ ಇರುತ್ತಾರೆ.

ಹೊಗೆಯಿಂದ ದೂರ ಇರಿ ಎಂದು ಡಾಕ್ಟರು ತಂಗಮ್ಮನಿಗೆ ಹೇಳಿ ಕಳಿಸಿದ್ದಾರೆ. "ಎಲ್ಲಿ ಅಂತ ದೂರ ಹೋಗೋದು ಮಾರಾಯ್ರೆ? ತೋಟಕ್ಕೆ ಹೋಗಣ ಅಂದ್ರೆ ಗುಡ್ಡ ಹತ್ತೋಕೆ ಉಸಿರಿಲ್ಲ. ಕೂತು ಮಾಡೋ ಕೆಲ್ಸ ಇದೊಂದೇ," ಎನ್ನುತ್ತಾರೆ ಆಕೆ. ಮಾತು ಮುಗಿಯುವ ಮೊದಲೇ ಕೆಮ್ಮು ಬರುತ್ತದೆ.

ಹೆಂಡತಿಯ ಹತ್ತಿರ ಬಂದಾಗಲೆಲ್ಲ ಹಾಲೇಶ್ ಇಂಜಿನ್ ಆರಿಸುತ್ತಾರೆ. ಮತ್ತೆ ಸ್ಟಾರ್ಟ್ ಮಾಡಲು ಹೆಣಗಿ, ತಡವಾಯಿತೆಂದು ಲೆಕ್ಕ ಬರೆಯುವ ರೈಟರ್ ಕೈಲಿ ಬೈಸಿಕೊಳ್ಳುತ್ತಾರೆ. ಕೆಲಸ ಬಿಡುವ ಯೋಚನೆ ಬಂದಿಲ್ಲವೇ? "ನಾನು ಬಿಟ್ರೆ ಇನ್ನೊಬ್ಬ ಓಡಿಸ್ತಾನೆ. ಅವ್ನು ಇವಳ ಹತ್ರ ಬಂದಾಗ ಆರಿಸ್ತಾನಾ?"

ಇಲ್ಲಿ ಏನು ಬದಲಾಗಬೇಕು ಎಂದು ಕೇಳಿದರೆ ತಗಡಿನ ಗೋಡೆಯತ್ತ ನೋಡುತ್ತಾರೆ. ಅದರ ತಗಡನ್ನೆಲ್ಲ ಒಳಗೆ ತಂದಿಳಿಸಿದ್ದೂ ಅವರ ಗಾಡಿಯೇ.

"ಆವತ್ತೇ ಸಾಹುಕಾರ್ರನ್ನ ಕೇಳ್ಬೇಕಿತ್ತು ಸರ್. ಗೋಡೆನ ಒಂದೆರಡು ಹೆಜ್ಜೆ ಈಚೆಗೆ ಹಾಕಿದ್ರೆ, ಕಾಫಿ ಜೊತೆ ಇವಳೂ ಒಳಗಿರ್ತಿದ್ಲು."