ಎರಡನೇ ಸಲ ಬಡಿಸದ ಆರ್ಡಿಸ್

ನಮ್ಮೂರಿನ ಶಾಲೆಯಲ್ಲಿ ಓದಿದ ಯಾರನ್ನೇ ಕೇಳಿ, ಏಳರ ಮಗ್ಗಿ ಮರೆತಿರುತ್ತಾರೆ, ಆರ್ಡಿಸ್ ಹಾಲ್ವರ್ಸನ್‌ಳ ಸೌಟನ್ನು ಮರೆತಿರುವುದಿಲ್ಲ. ನಿವೃತ್ತಿಯಾಗುವವರೆಗೂ ಆ ಶಾಲೆಯ ಅಡುಗೆಮನೆ ಅವಳದ್ದೇ. ಟ್ರೇ ಹಿಡಿದು ಸಾಲಿನಲ್ಲಿ ಬರುವ ಮಗುವಿನ ಮುಖವನ್ನು ಅವಳು ನೋಡುತ್ತಿರಲಿಲ್ಲ, ಮಣಿಕಟ್ಟನ್ನು ನೋಡುತ್ತಿದ್ದಳು. ಮಣಿಕಟ್ಟು ಸಣ್ಣಗಿದ್ದರೆ ಟ್ರೇಯ ಮೇಲಿನ ಆಲೂಗಡ್ಡೆಯ ಗುಡ್ಡ ಇನ್ನಷ್ಟು ಎತ್ತರವಾಗುತ್ತಿತ್ತು. "ಸಾಕು, ಮಿಸೆಸ್ ಹಾಲ್ವರ್ಸನ್" ಎಂದು ಯಾವುದಾದರೂ ಮಗು ಗೊಣಗಿದರೆ, "ಅದನ್ನ ನಿನ್ನ ಬಾಯಿ ಹೇಳಿದ್ರೆ ಆಗಲ್ಲ ಮರಿ, ನಿನ್ನ ಪಕ್ಕೆಲುಬು ಬಂದು ಹೇಳ್ಲಿ" ಎನ್ನುತ್ತಿದ್ದಳು.

ಅವಳ ಗಂಡ ಗಾರ್ಲಂಡ್ ನಮ್ಮೂರ ಗುಡ್ಡಗಳ ಮೇಲೆ ಮಳೆ ನಂಬಿ ಗೋಧಿ ಬೆಳೆದವನು. ಮಾತಿನಲ್ಲೂ ಅವನದು ಒಣಬೇಸಾಯವೇ. ಅವರಿಬ್ಬರೂ ಒಂದು ದಿನ ಹಳೆಯ ಕಬ್ಬಿಣದ ಗೇಟೊಂದನ್ನು ಕೊಳ್ಳಲು ನದಿಯಾಚೆಯ ದೊಡ್ಡಿಗೆ ಹೋದರು. ಮಾಂಸಕ್ಕೆಂದು ದೇಶದ ಗಡಿ ದಾಟಿ ಉತ್ತರಕ್ಕೆ ಹೋಗುವ ಕುದುರೆಗಳನ್ನು ಒಂದು ಲಾರಿ ತುಂಬುವ ತನಕ ಕೂಡಿಹಾಕುವ ದೊಡ್ಡಿ ಅದು. ಹಿಂದಿನ ಮೂಲೆಯಲ್ಲಿ ಒಂದು ಬೂದು ಹೆಣ್ಣು ಕುದುರೆ ನಿಂತಿತ್ತು. ಉಳಿದವು ಮೇವಿಗೆ ನುಗ್ಗಾಡುತ್ತಿದ್ದರೆ ಅದಕ್ಕೆ ನುಗ್ಗುವ ಶಕ್ತಿಯೂ ಇರಲಿಲ್ಲ. ಕುದುರೆಗೆ ಮಣಿಕಟ್ಟು ಎಲ್ಲಿರುತ್ತದೋ ನನಗೆ ಗೊತ್ತಿಲ್ಲ, ಆರ್ಡಿಸ್‌ಗೆ ಕಂಡಿತು.

"ಗೇಟು ತಗೊಳ್ಳಕ್ಕೆ ಬಂದಿದ್ವಿ, ಆರ್ಡಿಸ್" ಎಂದ ಗಾರ್ಲಂಡ್.

"ಗೇಟೂ ತಗೋ. ಇವಳನ್ನ ಒಳಗೆ ಬಿಟ್ಟಮೇಲೆ ಹಾಕಕ್ಕೆ ಬೇಕಲ್ಲ."

ಹೀಗೆ ವ್ಯಾಪಾರ ಕುದುರಿತು. ಕುದುರೆ ಮಾತ್ರ ಕುದುರುವುದು ಬಾಕಿ ಇತ್ತು.

ಮನೆಯಂಗಳದಲ್ಲಿ ಅದನ್ನು ಇಳಿಸಿದಾಗ ಗಾರ್ಲಂಡ್ ಸುತ್ತ ಒಂದು ಸಲ ನಡೆದು ನೋಡಿ, "ಲೆಫ್ಸಾ" ಎಂದ. ಕ್ರಿಸ್‌ಮಸ್ಸಿಗೆ ಇಲ್ಲಿನ ನಾರ್ವೆ ಮೂಲದವರ ಮನೆಗಳಲ್ಲಿ ಸುಡುವ ಆಲೂಗಡ್ಡೆಯ ರೊಟ್ಟಿ ಅದು. ಎತ್ತಿ ಹಿಡಿದರೆ ಆಚೆಯ ಕಿಟಕಿ ಕಾಣುವಷ್ಟು ತೆಳ್ಳಗಿರಬೇಕು. ಹೆಸರು ಅಂಟಿಕೊಂಡಿತು.

ಪಶುವೈದ್ಯೆ ತೆರೇಸಾ ಬಸಾಲ್ಡುವಾ ಅಂದೇ ಬಂದಳು. ಕುರಿ ಮೇಯಿಸಲು ಕಡಲಾಚೆಯಿಂದ ಬಂದ ಬಾಸ್ಕ್ ಜನರ ಮನೆತನದವಳು. ಚಿಕ್ಕಂದಿನಲ್ಲಿ ಅವಳ ಮಣಿಕಟ್ಟೂ ಸಣ್ಣದಿತ್ತು, ಆರ್ಡಿಸ್‌ಳ ಎರಡನೇ ಸೌಟಿನಿಂದ ಬೆಳೆದವಳೇ ಅವಳು. ಲೆಫ್ಸಾಳ ಬೆನ್ನುಮೂಳೆಯ ಮೇಲೆ ಬೆರಳಾಡಿಸಿ, ದವಡೆಯ ಕೆಳಗೆ ಗಂಟಿದೆಯೇ ಎಂದು ಒತ್ತಿ ನೋಡಿ, ಎದೆಗೆ ಕಿವಿಗೊಟ್ಟು, ಕೊನೆಗೆ ಕೈ ಒರೆಸಿಕೊಂಡಳು.

"ಮಿಸೆಸ್ ಹಾಲ್ವರ್ಸನ್, ನಾನೀಗ ಹೇಳೋದು ನಿಮಗೆ ಹಿಡಿಸಲ್ಲ."

"ನೀನು ಬಟಾಣಿ ತಿನ್ನಲ್ಲ ಅಂದಿದ್ದೂ ನಂಗೆ ಹಿಡಿಸಿರ್ಲಿಲ್ಲ. ಹೇಳು."

"ಓಟ್ಸ್ ಕೊಡೋ ಹಾಗಿಲ್ಲ. ತವುಡಿಲ್ಲ, ಸೇಬಿಲ್ಲ, ಕ್ಯಾರೆಟ್ ಇಲ್ಲ. ಸಿಹಿ ಅನ್ನೋದು ಮೂಸಕ್ಕೂ ಸಿಗಬಾರದು. ಕುದುರೆ ಮಸಾಲೆ ಹುಲ್ಲು ಮಾತ್ರ, ಅದೂ ಒಂದೆರಡು ಹಿಡಿ. ನಾಲ್ಕು ಗಂಟೆಗೊಂದು ಸಲ. ದಿನ ಕಳೆದ ಹಾಗೆ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡೋಣ."

"ಒಂದೆರಡು ಹಿಡಿ? ಅದು ಇಲಿಗಾಯ್ತು ಕಣೆ. ಕುದುರೆಗೆ?"

"ಕುದುರೆಗೇ. ಹೊಟ್ಟೆಗಿಲ್ದೆ ಅವಳು ತನ್ನ ಮೈಯನ್ನೇ ತಿಂದ್ಕೊಂಡಿದಾಳೆ. ರಕ್ತದಲ್ಲಿ ಇರಬೇಕಾದ ಲವಣ ಎಲ್ಲಾ ತಳ ಮುಟ್ಟಿದೆ. ಈಗ ಕಾಳೋ ಸಿಹಿಯೋ ಒಳಗೆ ಹೋದ್ರೆ, ಅದನ್ನ ಅರಗಿಸಕ್ಕೆ ಉಳಿದಿದ್ದೂ ಓಡಿಹೋಗುತ್ತೆ. ಹೃದಯಕ್ಕೆ ಅಂತ ಏನೂ ಇರಲ್ಲ. ಹಸಿವಲ್ಲಿ ಬದುಕಿದ್ದ ಕುದುರೆಗಳು ಊಟ ಮಾಡಿ ಸಾಯೋದನ್ನ ನಾನು ನೋಡಿದೀನಿ."

ಇಷ್ಟಕ್ಕೇ ಮುಗಿಯಲಿಲ್ಲ. ದೊಡ್ಡಿಯಿಂದ ಬಂದ ಕುದುರೆ ಒಂದರಿಂದೊಂದಕ್ಕೆ ಅಂಟುವ ಗಂಟಲುಬಾವು ಹೊತ್ತು ತಂದಿರಬಹುದಾದ್ದರಿಂದ ಮನೆಯ ಮುದಿ ಕುದುರೆ ಎಲ್ಮರ್‌ನನ್ನು ದೂರವಿಡಬೇಕು, ಇಬ್ಬರಿಗೂ ಬೇರೆ ಬೇರೆ ಬಕೆಟ್ಟು. ಹುಳದ ಔಷಧಿ, ಹಲ್ಲು ಉಜ್ಜಿ ಸಮ ಮಾಡುವುದು, ದೋಣಿಯಂತೆ ಬೆಳೆದ ಗೊರಸು ಕತ್ತರಿಸುವುದು, ಎಲ್ಲ ಆಮೇಲೆ. ಮೊದಲು ಬದುಕಲಿ.

ನಮ್ಮ ಕನ್ನಡದಲ್ಲಿ ಸಾಕುವುದಕ್ಕೂ ಸಾಕೆನ್ನುವುದಕ್ಕೂ ಒಂದೇ ಮಾತು. ಆರ್ಡಿಸ್ ಮೊದಲನೆಯದರಲ್ಲಿ ಪಳಗಿದವಳು, ಎರಡನೆಯದರಲ್ಲಿ ಇನ್ನೂ ಒಂದನೇ ಕ್ಲಾಸಿನ ಮಗು. ಎರಡು ಹಿಡಿ ಹುಲ್ಲು ಹಾಕುತ್ತಿದ್ದಳು. ಲೆಫ್ಸಾ ಅದನ್ನು ಮುಗಿಸಿ, ಬೋಗುಣಿಯ ತಳ ನೆಕ್ಕಿ, ಮೂತಿಯಿಂದ ಅದನ್ನು ಢಣಢಣ ಬಡಿಯುತ್ತಿದ್ದಳು, ಥೇಟ್ ಟ್ರೇ ಬಡಿಯುವ ಮಕ್ಕಳಂತೆ. ಆರ್ಡಿಸ್ ಬೆನ್ನು ತಿರುಗಿಸಿಕೊಂಡು ಬೇಲಿಯ ಹತ್ತಿರ ನಿಲ್ಲುತ್ತಿದ್ದಳು. ಪಕ್ಕದ ಹೊಲದ ನಾನು ಏನಾದರೂ ಮಾತಾಡಿಸಿದರೆ ಬೇಲಿಯ ತಂತಿ ಎಳೆದೆಳೆದು ನೋಡುತ್ತಿದ್ದಳು. ಆ ಮೂರ್ನಾಲ್ಕು ದಿನದಲ್ಲಿ ಅವಳೇ ಸೊರಗಿದಳು. ಕುದುರೆಗೆ ಕೊಡದೆ ತಾನು ತಿನ್ನುವುದು ಅವಳ ಕೈಲಾಗಲಿಲ್ಲ.

ಅಷ್ಟರಲ್ಲಿ ಸುದ್ದಿ ಚರ್ಚಿನ ಅಡುಗೆಮನೆ ತಲುಪಿತು. ಅದರ ಯಜಮಾನಿ ಬೆವ್ ಲುಂಡ್ಕ್ವಿಸ್ಟ್. ನಮ್ಮೂರಲ್ಲಿ ಯಾರಿಗಾದರೂ ಹುಷಾರು ತಪ್ಪಲಿ, ಯಾರಾದರೂ ತೀರಿಹೋಗಲಿ, ಮಗು ಹುಟ್ಟಲಿ, ಮರುದಿನದಿಂದ ಆ ಮನೆಯ ಬಾಗಿಲಿಗೆ ಮುಚ್ಚಿದ ಪಾತ್ರೆಗಳು ಬರತೊಡಗುತ್ತವೆ. ಪಾತ್ರೆಯ ತಳಕ್ಕೆ ಅಂಟುಪಟ್ಟಿ, ಅದರ ಮೇಲೆ ಒಡತಿಯ ಹೆಸರು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಏನಂತೆ, ಬೀಗ ಹಾಕುವವರು ಯಾರು? ಒಳಗೆ ಹೋಗಿ ಒಲೆಯ ಮೇಲಿಟ್ಟು ಬರುವುದು. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದು ಮಾತ್ರ ಮರ್ಯಾದೆಯಲ್ಲ. ಈ ಪದ್ಧತಿಯನ್ನು ಬೆವ್ ಹಿಡಿದುಕೊಂಡಿದ್ದು ಯಾರನ್ನು ನೋಡಿ ಎಂದರೆ, ಆರ್ಡಿಸ್‌ಳನ್ನು ನೋಡಿಯೇ.

ಬೆವ್ ಫೋನ್ ಮಾಡಿದಳು. "ನಿಂಗೊಬ್ಬಳು ಬಡಕಲಿ ಬಂದಿದಾಳಂತೆ?"

"ಬಂದಿದಾಳೆ. ಬೆವ್, ಕೇಳಿಲ್ಲಿ, ಏನೂ ತರಬೇಡ."

"ಆಯ್ತಾಯ್ತು, ಏನೂ ತರಲ್ಲ ಬಿಡು."

ಇಲ್ಲೇ ಎಡವಟ್ಟಾಗಿದ್ದು. ನಮ್ಮೂರಲ್ಲಿ ಎಲ್ಲರೂ "ಏನೂ ತರಬೇಡ" ಅನ್ನುತ್ತಾರೆ. ಹಾಗೆನ್ನದೆ ಇರುವುದು ಒರಟುತನ. ಅದನ್ನು ನಂಬಿ ಬರಿಗೈಲಿ ಬರುವುದು ಅದಕ್ಕಿಂತ ದೊಡ್ಡ ಒರಟುತನ. ಮೊಣಕಾಲಿನ ಆಪರೇಷನ್ ಆದಾಗ ಆರ್ಡಿಸ್ ಇದೇ ದನಿಯಲ್ಲಿ ಇದೇ ಮಾತು ಹೇಳಿ, ಆಮೇಲೆ ಬೆವ್ ತಂದ ಟ್ಯೂನಾ ಮೀನಿನ ಕ್ಯಾಸರೋಲ್ ಅಡುಗೆಯನ್ನು ಎರಡು ದಿನ ತಿಂದಿದ್ದಳು. ಈ ಸಲ ಅವಳು ನಿಜವಾಗಿಯೂ ಬೇಡ ಅಂದದ್ದು ಬೆವ್‌ಗೆ ತಿಳಿಯುವುದಾದರೂ ಹೇಗೆ? ನಿಜವಾದ "ಬೇಡ"ಕ್ಕೆ ಇಲ್ಲಿ ಬೇರೆ ದನಿಯೇ ಇಲ್ಲ.

ಗುರುವಾರ ಗಾರ್ಲಂಡ್‌ನ ಕಣ್ಣು ತೋರಿಸಲು ಇಬ್ಬರೂ ಪಟ್ಟಣಕ್ಕೆ ಹೋಗಿದ್ದರು. ಶುಕ್ರವಾರ ಬೆಳಿಗ್ಗೆ ಲೆಫ್ಸಾ ಬೋಗುಣಿ ಬಡಿಯಲಿಲ್ಲ. ತಲೆ ಮೊಣಕಾಲಿನ ಮಟ್ಟಕ್ಕೆ ಇಳಿಬಿದ್ದಿತ್ತು, ಹಿಂಗಾಲುಗಳು ನಡುಗುತ್ತಿದ್ದವು. ಹುಲ್ಲು ತೋರಿಸಿದರೆ ಮೂಸಿ ಸುಮ್ಮನಾದಳು. ನಾಲ್ಕು ದಿನದಿಂದ ಆ ಬಡಿತ ಕೇಳಲಾರೆ ಎನ್ನುತ್ತಿದ್ದ ಆರ್ಡಿಸ್ ಈಗ ಬೋಗುಣಿಯನ್ನು ತಾನೇ ಕಾಲಿಂದ ತಳ್ಳಿ ಸದ್ದು ಮಾಡಿ ನೋಡಿದಳು. ಕಿವಿಯೂ ಅಲುಗಲಿಲ್ಲ.

ತೆರೇಸಾ ಬಂದು ರಕ್ತ ತೆಗೆದು, ಕತ್ತಿನ ರಕ್ತನಾಳಕ್ಕೆ ನಳಿಕೆ ಚುಚ್ಚಿ, ಲವಣದ ದ್ರಾವಣದ ಚೀಲವನ್ನು ತೊಲೆಗೆ ನೇತುಹಾಕಿದಳು. "ಏನೋ ತಿಂದಿದಾಳೆ. ಯಾರಾದ್ರೂ ಏನಾದ್ರೂ ಕೊಟ್ರಾ?"

ಒಣಹುಲ್ಲು ಕೆದಕುತ್ತಿದ್ದ ಗಾರ್ಲಂಡ್ ಬಗ್ಗಿ ಏನೋ ಎತ್ತಿ ಹೆಂಡತಿಯ ಕೈಗೆ ಕೊಟ್ಟ. ನೀಲಿ ಅಂಚಿನ ದೊಡ್ಡ ಎನಾಮಲ್ ಪಾತ್ರೆ, ತೊಳೆದಿಟ್ಟಂತೆ ನೆಕ್ಕಲಾಗಿತ್ತು. ಮೂಲೆಯಲ್ಲಿ ಮಾತ್ರ ಒಂದಿಷ್ಟು ತವುಡು, ಕಾಕಂಬಿಯ ಅಂಟು, ಸೇಬಿನ ಒಂದು ಸಿಪ್ಪೆ. ತಿರುಗಿಸಿದರೆ ತಳದಲ್ಲಿ ಅಂಟುಪಟ್ಟಿ: ಬೆವ್ ಎಲ್.

"ಯಾರು?" ತೆರೇಸಾ ಮತ್ತೆ ಕೇಳಿದಳು.

"ಒಳ್ಳೆಯವರು" ಎಂದಳು ಆರ್ಡಿಸ್.

"ಯಾವಾಗ್ಲೂ ಅವರೇ" ಎಂದು ತೆರೇಸಾ ಚೀಲದ ಹನಿ ಎಣಿಸುತ್ತಾ ನಿಂತಳು. "ಇವತ್ತು ನಾಳೆ ಏನೂ ಹೇಳಕ್ಕಾಗಲ್ಲ. ನಿಂತಿದ್ರೆ ಒಳ್ಳೇದು. ಮಲಗಿ ಏಳದೇ ಇದ್ರೆ ನಂಗೆ ಫೋನ್ ಮಾಡಿ."

ಆ ಹಗಲೆಲ್ಲ ಆರ್ಡಿಸ್ ಬಕೆಟ್ಟೊಂದನ್ನು ಬೋರಲು ಹಾಕಿ ಅದರ ಮೇಲೆ ಕುದುರೆಯ ಎದುರಿಗೇ ಕುಳಿತಿದ್ದಳು. ನಾನು ಕಾಫಿ ಕೊಂಡುಹೋಗಿದ್ದೆ. ಫ್ಲಾಸ್ಕನ್ನು ನೋಡಿ ಅವಳು ನಕ್ಕಂತೆ ಮಾಡಿದಳು. "ನೋಡು, ನೀನೂ ಏನೋ ಹಿಡ್ಕೊಂಡೇ ಬಂದೆ."

ಮತ್ತೆ ಕುದುರೆಯತ್ತ ತಿರುಗಿ ತನ್ನಷ್ಟಕ್ಕೇ ಎಂಬಂತೆ ಹೇಳಿದಳು: "ಅಷ್ಟು ವರ್ಷ ಬಡಿಸ್ದೆ. ತಟ್ಟೆ ಖಾಲಿಯಾದ್ರೆ ಗೆದ್ದೆ ಅನ್ಕೋತಿದ್ದೆ. ತಿಂದ ಮೇಲೆ ಅವರಿಗೆ ಏನಾಯ್ತು ಅಂತ ಒಂದಿನಾನೂ ಕೇಳ್ಲಿಲ್ಲ. ಗಂಟೆ ಹೊಡೀತು, ಅವರು ಕ್ಲಾಸಿಗೆ ಹೋದ್ರು."

ಲೆಫ್ಸಾ ಮಲಗಲಿಲ್ಲ. ಶನಿವಾರ ಮಧ್ಯಾಹ್ನ ತೆರೇಸಾ ಬಂದು ಎದೆಬಡಿತ ಕೇಳಿ, ನಿನ್ನೆಗಿಂತ ಮೇಲು ಎಂದಳು. ಇನ್ನೊಂದು ಸಲ ಹೀಗಾದರೆ ತಡೆಯುವ ಶಕ್ತಿ ಅವಳಿಗಿಲ್ಲ, ಮತ್ತೆ ಮೊದಲಿಂದ, ಒಂದೊಂದೇ ಹಿಡಿಯಿಂದ ಶುರುಮಾಡಿ ಎಂದೂ ಹೇಳಿದಳು.

ಒಲೆಯ ಪಕ್ಕದಲ್ಲಿ ಬೆವ್‌ಳ ಪಾತ್ರೆ ತೊಳೆದು ಬೋರಲಾಗಿತ್ತು. ಹೇಳದಿದ್ದರೆ ನಾಳೆ ಭಾನುವಾರ, ಪ್ರಾರ್ಥನೆ ಮುಗಿಸಿ ಅರ್ಧ ಊರು ಇನ್ನಷ್ಟು ಪಾತ್ರೆ ಹಿಡಿದು ಬರುತ್ತದೆ. ಹೇಳಿದರೆ, ಊರಿನ ಪ್ರತಿ ಸಾವಿನ ಮನೆಗೂ ಹ್ಯಾಮ್ ಬೇಯಿಸಿ ಕೊಟ್ಟ ಬೆವ್‌ಗೆ ನಿನ್ನ ಅಡುಗೆಯೇ ಸಾವು ತರುವುದರಲ್ಲಿತ್ತು ಎಂದಂತಾಗುತ್ತದೆ.

"ಹೇಳ್ಬಿಡು" ಎಂದ ಗಾರ್ಲಂಡ್.

"ಹೇಗೆ ಹೇಳ್ಲಿ?"

"ಬಾಯಲ್ಲಿ."

ಆರ್ಡಿಸ್ ಪಾತ್ರೆ ತೆಗೆದುಕೊಂಡು ಹೊರಟಳು. ಬರಿದು ಪಾತ್ರೆ ಒಯ್ಯುವುದು ಅವಳಿಂದಾಗದು. ಕೊಟ್ಟಿಗೆಯ ಹತ್ತಿರ ನಿಂತು, ಕುದುರೆ ಮಸಾಲೆ ಹುಲ್ಲಿನ ಒಂದು ಹಿಡಿ ಅದರಲ್ಲಿಟ್ಟು, ಮೇಲೆ ಬಟ್ಟೆ ಮುಚ್ಚಿಕೊಂಡಳು.

ಬೆವ್ ಹಿಟ್ಟಿನ ಕೈಯಲ್ಲೇ ಬಾಗಿಲು ತೆರೆದಳು. "ಬಾ ಬಾ! ಹೇಗಿತ್ತೇ ನನ್ನ ತವುಡಿನ ಗಂಜಿ? ತಿಂದ್ಳಾ?"

"ತಳ ಕಾಣೋ ಹಾಗೆ ನೆಕ್ಕಿದಾಳೆ."

"ನಂಗೊತ್ತಿತ್ತು! ಡಬಲ್ ಕಾಕಂಬಿ ಹಾಕಿದ್ದೆ. ನೀನೋ, ಏನೂ ತರಬೇಡ ಅಂತೆ, ನಾಟಕ."

"ಬೆವ್, ಕೂತ್ಕೋ."

"ಯಾಕೆ, ನಿಂತ್ರೆ ಕಿವಿ ಕೇಳಲ್ವಾ?"

"ಕೂತ್ಕೋ ಮಾರಾಯ್ತಿ."

ಆರ್ಡಿಸ್ ಎಲ್ಲ ಹೇಳಿದಳು, ತೆರೇಸಾ ಹೇಳಿದ ಹಾಗೆಯೇ, ಏನೂ ಮುಚ್ಚದೆ, ಏನೂ ಸೇರಿಸದೆ. ಬೆವ್‌ಳ ಕೈಯ ಹಿಟ್ಟು ಒಣಗಿ ಬಿರಿಯಿತು. ಅವಳು ಕೇಳಿದಳು: "ಕೊಂದುಬಿಟ್ನಾ?"

"ಇನ್ನೂ ಇಲ್ಲ."

"ಇನ್ನೂ ಅಂತೀಯಲ್ಲೇ!"

"ಇದ್ದಿದ್ದು ಇದ್ದ ಹಾಗೆ ಹೇಳ್ಬೇಕಲ್ಲ. ನಾನು ಫೋನಲ್ಲೇ ಹೀಗೆ ಹೇಳಿದ್ರೆ ಇಷ್ಟು ಆಗ್ತಿರ್ಲಿಲ್ಲ. ತರಬೇಡ ಅಂದೆ, ಯಾಕೆ ಅಂತ ಹೇಳ್ಲಿಲ್ಲ."

ಬೆವ್ ಪಾತ್ರೆಯ ಬಟ್ಟೆ ಸರಿಸಿ ನೋಡಿದಳು. "ಇದೇನು?"

"ಅವಳ ಊಟ. ಪೂರ್ತಿ ಊಟ." ಆರ್ಡಿಸ್ ಎದ್ದಳು. "ನಾಲ್ಕು ಗಂಟೆಗೊಂದು ಸಲ ಕೊಡ್ಬೇಕು. ನಮ್ಮಿಬ್ಬರ ಮೈಯಲ್ಲಿ ಶಕ್ತಿ ಇಲ್ಲ ಬೆವ್. ನಿನ್ನೆ ಗಾರ್ಲಂಡ್ ಸೂಪಿನ ಮುಂದೆ ನಿದ್ದೆ ಹೋದ. ನೀನು ಮನಸ್ಸು ಮಾಡಿದ್ರೆ ಊರಿಗೆ ಊರೇ ಪಾಳಿ ಹಾಕುತ್ತೆ. ಸಂಜೆ ನಾಲ್ಕಕ್ಕೆ ನೀನು ಬಾ. ಬರಿಗೈಲಿ ಬಾ."

ಆಮೇಲಿನದು ಊರಿಗೇ ಗೊತ್ತು. ಚರ್ಚಿನ ಹೆಂಗಸರು ಪಾಳಿಯಂತೆ ಬಂದು, ಎಲ್ಮರ್‌ನ ಕಡೆ ತಲೆಯನ್ನೂ ಹಾಕದೆ, ಬೂಟು ತೊಳೆದು, ಆರ್ಡಿಸ್ ಅಳೆದಿಟ್ಟ ಹುಲ್ಲನ್ನು ಕೊಟ್ಟು ಹೋದರು. ಬೇಸಿಗೆಗೆ ಲೆಫ್ಸಾಳ ಪಕ್ಕೆಲುಬು ಮುಚ್ಚಿತು, ಹಲ್ಲು ಸಮವಾಯಿತು, ಹುಳದ ಔಷಧಿಯಾಯಿತು. ಮುಂದಿನ ಎಡಗೊರಸು ಮಾತ್ರ ಸರಿಹೋಗಲಿಲ್ಲ, ಕಲ್ಲುನೆಲದ ಮೇಲೆ ಇಂದಿಗೂ ಕುಂಟುತ್ತಾಳೆ. ಅವಳ ಮೇಲೆ ಯಾರೂ ಸವಾರಿ ಮಾಡುವುದಿಲ್ಲ. ಹತ್ತಲು ಏಣಿ ಬೇಕಾಗುವ ವಯಸ್ಸಿನವರೇ ಆ ಮನೆಯಲ್ಲಿರುವುದರಿಂದ ಅದೇನೂ ನಷ್ಟವಲ್ಲ.

ಆ ಶನಿವಾರದ ಸಂಜೆ ಇದ್ಯಾವುದೂ ತೀರ್ಮಾನವಾಗಿರಲಿಲ್ಲ. ಬೆವ್ ನಾಲ್ಕಕ್ಕೆ ಮುಂಚೆಯೇ ಬಂದಳು. ಹೊಸದಾಗಿ ಹಾಕಿದ ಗೇಟಿನ ಆಚೆ ನಿಂತು ಎರಡು ಕೈಗಳನ್ನೂ ಮುಂದೆ ಚಾಚಿದಳು, ಚಾಚಿದ್ದನ್ನು ಹಿಂದಕ್ಕೆ ಕಟ್ಟಿಕೊಂಡಳು, ಮತ್ತೆ ಕೋಟಿನ ಜೇಬಿಗಿಳಿಸಿದಳು. ಊರಿನ ಒಂದು ಮನೆಗೆ ಹೀಗೆ ಬರಿಗೈಲಿ ಬಂದದ್ದು ಅವಳ ಜನ್ಮದಲ್ಲೇ ಮೊದಲು.

ಆರ್ಡಿಸ್ ಗೇಟು ತೆರೆದು ಹುಲ್ಲಿನ ಹಿಡಿಯನ್ನು ಅವಳ ಅಂಗೈಗೆ ಹಾಕಿದಳು. ಲೆಫ್ಸಾ ನಿಧಾನವಾಗಿ ತಲೆ ಎತ್ತಿದಳು. ಒಂದೊಂದೇ ಎಸಳನ್ನು ಎಳೆದು ತಿಂದು ಮುಗಿಸಿ, ಅಂಗೈಯನ್ನು ನೆಕ್ಕಿ, ಮೂತಿಯಿಂದ ಬೆವ್‌ಳ ಮಣಿಕಟ್ಟನ್ನು ಒಮ್ಮೆ ಬಡಿದಳು. ಎರಡು ದಿನದಲ್ಲಿ ಮೊದಲ ಸಲ.

ಬೆವ್ ಕಣ್ಣೀರಿನಲ್ಲೇ ಆರ್ಡಿಸ್‌ಳತ್ತ ತಿರುಗಿದಳು. "ಇನ್ನೊಂದು ಹಿಡಿ?"

ಆರ್ಡಿಸ್ ಗೇಟಿನ ಅಗುಳಿ ಹಾಕಿದಳು. "ಎಂಟು ಗಂಟೆಗೆ."